ಗಾಳಿಗುಡ್ಡದಮ್ಮನ ದರ್ಶನ

ಮೊನ್ನೆ ಅಟ್ಟದಿಂದ ಹಳೇ ಪಾತ್ರೆಗಳನ್ನು ಇಳಿಸುತ್ತಿದ್ದಾಗ ಒಂದು ಕ್ಯಾನ್ವಾಸ್ ಶೂ ನೇರವಾಗಿ ನನ್ನ ತಲೆಯ ಮೇಲೆ ಬಿತ್ತು. ಒಂದೇ ಒಂದು, ಬಲಗಾಲಿನದು. ಅದರ ಬಣ್ಣ ಕಂದು ಎನ್ನಬಹುದು, ಬೇರೆ ಯಾವ ಬಣ್ಣವೂ ಅದರಲ್ಲಿ ಉಳಿದಿರಲಿಲ್ಲ. ಮೂತಿಯೊಳಗೆ ಕೈ ಹಾಕಿದರೆ ಉಂಡೆ ಮಾಡಿ ತುರುಕಿದ ಹಳೇ ಲಂಗದ ಬಟ್ಟೆ ಸಿಕ್ಕಿತು. ಕೆಳಗೆ ಪೊರಕೆ ಹಿಡಿದು ನಿಂತಿದ್ದ ಸೊಸೆ, "ಯಾರ್ದತ್ತೆ ಇದು, ಮಾವಂದಾ? ಎಸೆದ್ಬುಡ್ಲಾ?" ಎಂದಳು. ನಾನು ಅದನ್ನು ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟುಕೊಂಡೆ. ಸೆರಗಿನಿಂದ ಶೂ ಒರೆಸುವ ಹೆಂಗಸನ್ನು ನೀವು ನೋಡಿರಲಿಕ್ಕಿಲ್ಲ. ನನ್ನ ಸೊಸೆಯೂ ನೋಡಿರಲಿಲ್ಲವೆಂದು ಅವಳ ಮುಖವೇ ಹೇಳಿತು.

ಶೂ ನಮ್ಮ ಯಜಮಾನರದೇ. ಮದುವೆಗೆ ಮುಂಚೆ ಅವರು ಹೋಂಗಾರ್ಡ್ ಸೇರಿ, ಒಂದು ಸಲ ಬಿಸಿಲಲ್ಲಿ ಪರೇಡ್ ಮಾಡಿ, ಇದು ತಮ್ಮ ಮೈಗೆ ಒಗ್ಗುವುದಿಲ್ಲವೆಂದು ಬಿಟ್ಟು ಬಂದರಂತೆ. ಅವರು ಬಿಟ್ಟ ಶೂವನ್ನು ಹಿಡಿದುಕೊಂಡವಳು ನಾನು. ನನ್ನ ಪಾದಕ್ಕೆ ಅದು ದೋಣಿ. ಮುಂದುಗಡೆ ಬಟ್ಟೆ ತುರುಕಿ, ದಾರ ಬಿಗಿದು, ಮೇಲಿಂದ ಸೀರೆ ಇಳಿಬಿಟ್ಟರೆ ನಿಂತಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಡೆದರೆ ಮಾತ್ರ ಪಟ್ ಪಟ್ ಎಂದು ಊರಿಗೆಲ್ಲ ಕೇಳುತ್ತಿತ್ತು. ಅದಕ್ಕೇ ನಾನು ಅದನ್ನು ಊರಲ್ಲಿ ಹಾಕಿದ್ದೇ ಇಲ್ಲ. ವರ್ಷಕ್ಕೊಂದು ಸಲ ಸಕಲೇಶಪುರದ ಕಡೆಯ ಹೆಗ್ಗದ್ದೆಯ ಗುಡ್ಡ ಹತ್ತುವಾಗ ಹಾಕುತ್ತಿದ್ದೆ.

ಹೆಗ್ಗದ್ದೆಯ ಗುಡ್ಡ ಎಂದ ಕೂಡಲೇ ನನಗೆ ನನ್ನ ಬಾಲ್ಯ ಯಾಕೆ ನೆನಪಾಗಬೇಕೋ ತಿಳಿಯದು, ನಾನು ಹುಟ್ಟಿದ್ದು ಅಲ್ಲಲ್ಲ. ಪಾಳ್ಯದ ಕಡೆಯ ಒಂದು ಹಳ್ಳಿ ನನ್ನದು. ಗದ್ದೆಗೆ ಗಿಳಿ ಬೀಳದಂತೆ ಕಾಯಲು ಅಪ್ಪ ನನ್ನನ್ನು ಅಟ್ಟಣೆಯ ಮೇಲೆ ಕೂರಿಸುತ್ತಿದ್ದ. ಕೈಗೊಂದು ಡಬ್ಬ, ಒಂದು ಕೋಲು. ಅಟ್ಟಣೆಯಿಂದ ಪಡುವಲಕ್ಕೆ ನೋಡಿದರೆ ಸಕಲೇಶಪುರದ ಬೆಟ್ಟಗಳು ನೀಲಿಯಾಗಿ ಸಾಲು ಹಿಡಿದು ಕೂತಿರುತ್ತಿದ್ದವು. ನಾನು ಗಿಳಿ ಬಿಟ್ಟು ಬೆಟ್ಟ ಕಾಯುತ್ತಿದ್ದೆ. "ಅಪ್ಪಾ, ಅಲ್ಲೇನೈತೆ?" ಎಂದರೆ ಅಪ್ಪ, "ಅಲ್ಲೇನೈತೆ, ಬರೀ ಚಳಿ. ಡಬ್ಬ ಬಡಿ" ಎನ್ನುತ್ತಿದ್ದ. ಬರೀ ಚಳಿ ಇರುವ ಜಾಗಕ್ಕೆ ಇಷ್ಟು ಚಂದದ ಬಣ್ಣ ಯಾಕೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಆ ವರ್ಷಗಳಲ್ಲಿ ನಮ್ಮ ಗದ್ದೆಯ ಗಿಳಿಗಳು ಚೆನ್ನಾಗಿ ಉಂಡವು.

ಮದುವೆಯಾಗಿ ಮಗ್ಗೆಗೆ ಬಂದ ಮೇಲೂ ಆ ನೀಲಿ ನನ್ನನ್ನು ಬಿಡಲಿಲ್ಲ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಆಲೂರಿನ ಹೊಲಿಗೆ ಕ್ಲಾಸು. ಅಲ್ಲಿ ನನಗೆ ಇಬ್ಬರು ಗೆಳತಿಯರು ಸಿಕ್ಕರು. ಒಬ್ಬಳು ಜಯಕ್ಕ, ನಮಗಿಂತ ದೊಡ್ಡವಳು, ಮೈಯಲ್ಲೂ ಬಾಯಲ್ಲೂ ದೊಡ್ಡವಳು. ಕ್ಲಾಸಿನಲ್ಲಿ ನಿಜವಾಗಿ ಹೊಲಿಗೆ ಕಲಿತವಳು ಅವಳೊಬ್ಬಳೇ. ಮುಂದೆ ಪಾಳ್ಯದಲ್ಲಿ ಅಂಗಡಿ ಹಾಕಿ ಊರಿನ ಹೆಂಗಸರ ಅಳತೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡಳು. ಇನ್ನೊಬ್ಬಳು ಲಲಿತ, ಹೆಗ್ಗದ್ದೆಯಲ್ಲಿ ಹುಟ್ಟಿ ಆಲೂರಿಗೆ ಸೊಸೆಯಾಗಿ ಬಂದವಳು. ನಾನು ಹೊಲಿಗೆಯನ್ನು ಗುಂಡಿ ಹಚ್ಚುವಲ್ಲಿಗೇ ನಿಲ್ಲಿಸಿ ಮಗ್ಗೆಯ ಬಸ್‌ ನಿಲ್ದಾಣದ ಪಕ್ಕ ಎಸ್‌ಟಿಡಿ ಬೂತು ಇಟ್ಟೆ. ತೊಂಬತ್ತರ ದಶಕದಲ್ಲಿ ಎಸ್‌ಟಿಡಿ ಬೂತು ಎಂದರೆ ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಊರಿನ ಬಾಯಿ ಕಿವಿ ಎರಡೂ ನನ್ನ ಗಾಜಿನ ಪೆಟ್ಟಿಗೆಯೊಳಗೇ ಇದ್ದವು.

ಕಾಫಿ ಕೊಯ್ಲು ಮುಗಿದು ಶಿವರಾತ್ರಿ ಕಳೆದ ಒಂದು ದಿನ ಲಲಿತ, "ನಮ್ಮವ್ವನ ಮನೆಗೆ ಬರ್ರೇ, ಹಿಂದ್ಲು ಗುಡ್ಡ ಹತ್ತಿ ಒಂದಿನ ಆರಾಮಾಗಿ ಇದ್ದು ಬರಾನ" ಎಂದಳು. ನನಗೆ ಆಗಲೇ ಕಾಲು ನೆಲದ ಮೇಲಿರಲಿಲ್ಲ. ಆದರೆ ಮನೆಯಲ್ಲಿ ಕೇಳಬೇಕಲ್ಲ? "ಮೂರು ಜನ ಹೆಂಗಸ್ರು ಗುಡ್ಡ ಹತ್ತಿ ಏನ್ ಕಡಿದು ಕಟ್ಟೆ ಹಾಕ್ತೀರ?" ಎಂದರು ನಮ್ಮವರು. ನಾನು ಬೆಬ್ಬೆಬ್ಬೆ ಎನ್ನುವುದರೊಳಗೆ, ಅಂದು ನನ್ನ ರವಿಕೆ ಕೊಡಲು ಬಂದಿದ್ದ ಜಯಕ್ಕ ಬಾಗಿಲಲ್ಲೇ ನಿಂತು, "ಹರಕೆ ಐತೆ ಕಣಣ್ಣ" ಎಂದುಬಿಟ್ಟಳು.

ಯಾವ ದೇವರಿಗೆ? ಗಾಳಿಗುಡ್ಡದಮ್ಮನಿಗೆ. ಅದೆಲ್ಲಿದ್ದಾಳೆ, ನಾನು ಕೇಳಿಲ್ಲವಲ್ಲ? ಗುಡ್ಡದ ನೆತ್ತಿಯಲ್ಲಿ, ಉದ್ಭವ. ಹಾಗಾದರೆ ನಾನೂ ಬರ್ತೀನಿ. ಬರಂಗಿಲ್ಲ, ಗಂಡಸರ ನೆರಳು ಬಿದ್ದರೆ ಅಮ್ಮ ಮುನಿಯುತ್ತಾಳೆ. ಜಯಕ್ಕ ಬಟ್ಟೆ ಕತ್ತರಿಸುವ ವೇಗದಲ್ಲಿ ಉತ್ತರ ಕತ್ತರಿಸಿ ಕೊಡುತ್ತಾ ಹೋದಳು. ಒಳಗಿಂದ ನಮ್ಮತ್ತೆ ನಂಜಮ್ಮನವರು, "ಎಡೆಗೇನು ಮಾಡ್ಬೇಕು, ಹೋಳಿಗೆನಾ?" ಎಂದು ಕೇಳಿದರು. "ಏನೂ ಬೇಡ ದೊಡ್ಡಮ್ಮ, ಆ ಅಮ್ಮಂಗೆ ಒಲೆ ಹಚ್ಚಿ ಮಾಡಿದ್ದು ಆಗಕ್ಕಿಲ್ಲ" ಎಂದಳು ಜಯಕ್ಕ. ನನ್ನ ಗೆಳತಿಯ ಬಾಯಲ್ಲಿ ಹೀಗೆ ನಮ್ಮ ದೇವಿ ಉದ್ಭವಿಸಿದಳು.

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಆದರೂ ನಾವು ಸಾಕಿದೆವು. ವರ್ಷವರ್ಷವೂ ಶಿವರಾತ್ರಿ ಕಳೆದ ಮೇಲೆ ಬ್ಯಾಗು ಹೆಗಲಿಗೇರಿಸಿ ಹೆಗ್ಗದ್ದೆಯ ಬಸ್ಸು ಹತ್ತಿದೆವು. ಲಲಿತಳ ತವರಿನ ಕೊಟ್ಟಿಗೆಯಲ್ಲಿ ಯಾರೂ ನೋಡದಂತೆ ಶೂ ಹಾಕಿಕೊಂಡೆವು. ಮೇಲೆ ಹೋಗಿ ಏನು ಮಾಡುತ್ತಿದ್ದೆವು ಎಂದರೆ ನಿಮಗೆ ಬೇಸರವಾಗಬಹುದು: ಮಲಗುತ್ತಿದ್ದೆವು. ಹುಲ್ಲಿನ ಮೇಲೆ, ಹಾಡಹಗಲಲ್ಲಿ, ಕಾಲು ಚಾಚಿಕೊಂಡು. "ಕಾಫಿ ಆಯ್ತೇನೇ?" ಎಂದು ಯಾರೂ ಕೇಳುತ್ತಿರಲಿಲ್ಲ. ಫೋನು ಹೊಡೆದುಕೊಳ್ಳುತ್ತಿರಲಿಲ್ಲ. ಆ ಒಂದು ದಿನಕ್ಕಾಗಿ ನಾನು ವರ್ಷವೆಲ್ಲ ಕಾಯುತ್ತಿದ್ದೆ, ಬೇರೆ ಯಾವ ಹಬ್ಬಕ್ಕೂ ಹಾಗೆ ಕಾದವಳಲ್ಲ.

ಆದರೆ ನೆತ್ತಿ ಮುಟ್ಟುವುದು ಅಷ್ಟು ಸಲೀಸಾಗಿರಲಿಲ್ಲ. ಅದಕ್ಕೆ ಕಾರಣ ಲಲಿತ. ಅವಳು ಅಲ್ಲೇ ಹುಟ್ಟಿ ಬೆಳೆದವಳೆಂಬ ಒಂದೇ ಕಾರಣಕ್ಕೆ ಅವಳನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಿದ್ದೆವು. ಅವಳಿಗೆ ನೆಟ್ಟಗಿನ ದಾರಿ ಕಂಡರೆ ಅವಮಾನ. "ಇಲ್ಲೊಂದು ಒಳದಾರಿ ಐತೆ ಕಣ್ರೇ" ಎಂದು ಯಾವುದೋ ಪೊದೆಯೊಳಗೆ ನುಗ್ಗಿಸುತ್ತಿದ್ದಳು. ಒಂದು ವರ್ಷ ಆ ಒಳದಾರಿ ನಮ್ಮನ್ನು ಎಮ್ಮೆಗಳು ಬಿದ್ದುಕೊಂಡಿದ್ದ ಕೆಸರಿನ ಗುಂಡಿಗೆ ತಂದು ನಿಲ್ಲಿಸಿತು. ಇನ್ನೊಂದು ವರ್ಷ ಹೆಜ್ಜೇನು ಎದ್ದು, ಪುಳಿಯೋಗರೆ ಡಬ್ಬ ಬಿಟ್ಟು ಓಡಿ, ಹಸಿದುಕೊಂಡು ವಾಪಸು ಬಂದೆವು. ಊದಿದ ಮುಖ ನೋಡಿ ನಮ್ಮವರು ಗಾಬರಿಯಾದಾಗ, "ಅಮ್ಮ ಪರೀಕ್ಷೆ ಮಾಡಿದ್ಲು" ಎಂದೆ. ದೇವರು ಕಷ್ಟ ಕೊಟ್ಟರೆ ಗಂಡಸರಿಗೆ ನಂಬಿಕೆ ಬೇಗ ಬರುತ್ತದೆ.

ಆದರೂ ಎಷ್ಟು ವರ್ಷ ಅಂತ ನಂಬುತ್ತಾರೆ? ಒಂದು ಸಲ ನಾನು ಹೊರಡುವ ಮಾತೆತ್ತಿದಾಗ ನಮ್ಮವರು ಮುಖ ಗಂಟಿಕ್ಕಿದರು. "ಇನ್ನೂ ತೀರ್ಲಿಲ್ವಾ ನಿಮ್ಮ ಹರಕೆ? ಸಕಲೇಶಪುರದಾಗೆ ಯಾರನ್ನ ಕೇಳಿದ್ರೂ ಅಂತ ದೇವ್ರೇ ಇಲ್ಲ ಅಂತಾರೆ. ಈ ಸಲ ಅವ್ವ ನಿಮ್ಮ ಜೊತೆ ಬರ್ಲಿ. ಅವ್ವ ನೋಡ್ಕಂಡ್ ಬಂದು ಏನ್ ಹೇಳ್ತದೋ ಅದೇ ಆಖೈರು. ದೇವ್ರು ಇದ್ರೆ ವರ್ಷವರ್ಷ ಹೋಗಿ. ಇಲ್ದಿದ್ರೆ ಇವತ್ತಿಗೇ ಮುಗೀತು."

ಅತ್ತೆ ಎಲೆ ಅಡಿಕೆ ಬಾಯಿಗಿಟ್ಟುಕೊಂಡು, "ನಾನೂ ಅದನ್ನೇ ಅನ್ಕಂಡಿದ್ದೆ. ಒಂದ್ಸಲ ಆಯಮ್ಮನ್ನ ನೋಡ್ಬುಡಾನ" ಎಂದರು.

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ಅಂದೇ ಬೂತಿನಿಂದ ಜಯಕ್ಕನಿಗೂ ಲಲಿತಳಿಗೂ ಫೋನು ಮಾಡಿ, ಕರೆಸಿ, ಗಾಜಿನ ಪೆಟ್ಟಿಗೆಯ ಬಾಗಿಲು ಹಾಕಿಕೊಂಡು ಮೂವರೂ ಉಸಿರುಗಟ್ಟುವಂತೆ ಕೂತು ಯೋಚಿಸಿದೆವು. ಯೋಜನೆ ಜಯಕ್ಕನದು. ಅವಳು ಮುಂಚೆಯೇ ನೆಟ್ಟಗಿನ ದಾರಿಯಲ್ಲಿ ಹತ್ತಿಹೋಗಿ, ಒಂದು ಒಳ್ಳೆ ಕಲ್ಲು ನೋಡಿ, ಅರಿಶಿನ ಕುಂಕುಮ ಬಳಿದು, ಹಸಿರು ಬಳೆ ಇಟ್ಟು, ನಿಂಬೆಹಣ್ಣು ಕತ್ತರಿಸಿ ದೇವಿಯನ್ನು ಕೂರಿಸುವುದು. ಅಷ್ಟು ಹೊತ್ತು ಲಲಿತ ನಮ್ಮತ್ತೆಯನ್ನು ಸುತ್ತುದಾರಿಯಲ್ಲಿ ನಡೆಸಿ ಸುಸ್ತು ಮಾಡುವುದು. "ದೊಡ್ಡಮ್ಮ ಅರ್ಧದಾರೀಲೇ ಸಾಕಪ್ಪಾ ಅಂತ ಕೂತ್ರೆ ಇನ್ನೂ ಒಳ್ಳೇದು, ಕೆಳಗಿಂದ್ಲೇ ಕೈ ಮುಗಿಸಿ ಕರ್ಕಂಡ್ ಬಂದ್ಬುಡಾನ" ಎಂದಳು ಜಯಕ್ಕ. ದಾರಿ ತಪ್ಪಿಸುವ ಕೆಲಸವನ್ನು ಲಲಿತಳಿಗೆ ವಹಿಸಿದ್ದು ನಮ್ಮ ಬದುಕಿನಲ್ಲೇ ಅತ್ಯಂತ ಸರಿಯಾದ ನೇಮಕಾತಿ ಎಂದು ಆಗ ನಮಗೆ ಅನ್ನಿಸಿತ್ತು.

ಮೊದಲ ಏಟು ಕೊಟ್ಟಿಗೆಯಲ್ಲೇ ಬಿತ್ತು. ನಾನು ಬ್ಯಾಗಿನಿಂದ ಶೂ ತೆಗೆಯುತ್ತಿದ್ದುದನ್ನು ಅತ್ತೆ ನೋಡಿಬಿಟ್ಟರು. "ದೇವ್ರ ಗುಡ್ಡಕ್ಕೆ ಮೆಟ್ಟು ಹಾಕ್ಕಂಡ್ ಹತ್ತೀರೇನೇ?" ಎಂದರು. ಶೂಗಳೆಲ್ಲ ಕೊಟ್ಟಿಗೆಯ ಮೂಲೆ ಸೇರಿದವು. ನನ್ನ ಎಡಗಾಲಿನದನ್ನು ಅಂದು ಲಲಿತಳ ತವರಿನ ನಾಯಿ ಎಲ್ಲಿಗೋ ಹೊತ್ತುಕೊಂಡು ಹೋಯಿತು, ಮತ್ತೆ ಸಿಗಲಿಲ್ಲ. ನಾವು ಬರಿಗಾಲಲ್ಲಿ ಹೊರಟೆವು. ಬೂತಿನ ಕುರ್ಚಿಯ ಮೇಲೆ ಕೂತು ಕೂತು ಮೆತ್ತಗಾಗಿದ್ದ ನನ್ನ ಪಾದಕ್ಕೆ ಒಂದೊಂದು ಕಲ್ಲೂ ತನ್ನ ಹೆಸರು ಹೇಳಿಕೊಂಡು ಪರಿಚಯ ಮಾಡಿಕೊಂಡಿತು.

ಕವಲುದಾರಿಯಲ್ಲಿ ಜಯಕ್ಕ, "ನಾನು ಮುಂದೆ ಹೋಗಿ ಅಮ್ಮನ ಜಾಗ ಗುಡಿಸಿರ್ತೀನಿ" ಎಂದು ನೆಟ್ಟಗೆ ಹತ್ತಿದಳು. ಲಲಿತ ನಮ್ಮನ್ನು ಎಡಕ್ಕೆ ಎಳೆದಳು. ಎರಡನೇ ಏಟು ಇದು: ನಮ್ಮತ್ತೆಗೆ ಸುಸ್ತೇ ಆಗಲಿಲ್ಲ. ಹುಲ್ಲಿನ ಹೊರೆ ಹೊತ್ತು ಏರಿ ಇಳಿದ ಕಾಲುಗಳು. ಸೀರೆ ಮೇಲೆ ಕಟ್ಟಿ, ಕೈ ಬೀಸಿಕೊಂಡು, ದಾರಿಯಲ್ಲಿ ಸಿಕ್ಕ ಸೊಪ್ಪನ್ನೆಲ್ಲ ಕಿತ್ತು ಮಡಿಲಿಗೆ ತುಂಬಿಕೊಂಡು, ಬೇರೆಯವರ ಹಸುವಿಗೆ ಎರಡು ಬೈದು, ಮುಂದೆ ಮುಂದೆ ಹೋಗುತ್ತಿದ್ದರು. ಹಿಂದೆ ಏದುಸಿರು ಬಿಡುತ್ತಾ ನಾನು. ನನ್ನ ಹಿಂದೆ, ಸುಸ್ತು ಮಾಡಿಸಬೇಕಾಗಿದ್ದ ಲಲಿತ, ಒಂದು ಮರಕ್ಕೆ ಒರಗಿಕೊಂಡು. "ಯಾಕ್ರೇ, ಎಳೇ ಹೆಂಗಸ್ರು, ಹಿಂಗ್ ಉಸ್ ಅಂತೀರ? ಎಲ್ಲಾ ಆ ಫೋನಿನ ದೋಷ" ಎಂದರು ಅತ್ತೆ.

ಅಷ್ಟರಲ್ಲಿ ನಾವೊಂದು ಕಾಫಿ ಎಸ್ಟೇಟಿನೊಳಗೆ ಸೇರಿಕೊಂಡಿದ್ದೆವು. ಬೇಲಿ ಯಾವಾಗ ದಾಟಿದೆವೋ ಯಾರಿಗೂ ತಿಳಿಯದು. ಎಸ್ಟೇಟಿನೊಳಗೆ ದಾರಿ ತಪ್ಪಿದವರಿಗೆ ಗೊತ್ತು, ಅಲ್ಲಿ ಎಲ್ಲ ಗಿಡವೂ ಒಂದೇ ಎತ್ತರ, ಎಲ್ಲ ಸಾಲೂ ಒಂದೇ ಸಾಲು. ಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಓಕ್ ಮರದ ಹತ್ತಿರ ಬಂದೆವು, ನಡೆದೆವು, ಮತ್ತೆ ಅದೇ ಮರದ ಹತ್ತಿರ ಬಂದೆವು. ಮರದ ಬುಡದಲ್ಲಿ ಅತ್ತೆ ಉಗುಳಿದ್ದ ಎಲೆ ಅಡಿಕೆ ಇನ್ನೂ ಒಣಗಿರಲಿಲ್ಲ. "ಬೇಕಂತಲೇ ಸುತ್ತಿಸ್ತಿದೀಯ ತಾನೆ?" ಎಂದು ನಾನು ಲಲಿತಳ ಕಿವಿಯಲ್ಲಿ ಕೇಳಿದೆ. "ಮೊದ್ಲು ಬೇಕಂತ ಸುತ್ತಿಸ್ತಿದ್ದೆ. ಈಗ ನಿಜವಾಗ್ಲೂ ತಪ್ಪೋಗೈತೆ ಮಾರಾಯ್ತಿ" ಎಂದಳು ಅವಳು, ಅಳುಮುಖ ಮಾಡಿಕೊಂಡು.

"ಯಾರ್ರೀ ಅದು? ನಿಂತ್ಕಳಿ ಅಲ್ಲೇ!"

ಎಸ್ಟೇಟಿನ ರೈಟರು. ಆಳುಗಳ ಹಾಜರಿ, ಬೇಲಿ, ಸ್ಟೋರಿನ ಬೀಗ ಎಲ್ಲ ಇವರ ಕೈಯಲ್ಲಿ. ಅದು ಮೆಣಸು ಕೊಯ್ಯುವ ಕಾಲ, ಕಳ್ಳತನ ಜಾಸ್ತಿ. ಮೂರು ಜನ ಹೆಂಗಸರು, ಉಬ್ಬಿದ ಬ್ಯಾಗುಗಳು, ಒಬ್ಬರ ಮಡಿಲು ಬೇರೆ ತುಂಬಿದೆ. ರೈಟರು ಮೀಸೆ ತಿರುವಿದರು. "ಬ್ಯಾಗ್ ಬಿಚ್ಚಿ."

"ದೇವ್ರಿಗೆ ಹೊಂಟೀವಿ ಸ್ವಾಮಿ" ಎಂದರು ಅತ್ತೆ.

"ಯಾವ ದೇವ್ರು? ಈ ಗುಡ್ಡದಾಗೆ ಯಾವ್ ದೇವ್ರೂ ಇಲ್ಲ. ನಾನು ಇಲ್ಲೇ ಹುಟ್ಟಿದೋನು."

ಅತ್ತೆ ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದರು. ಮುಗಿಯಿತು, ಇನ್ನು ಮುಂದೆ ನನ್ನ ಪಾಲಿಗೆ ಆ ನೀಲಿ ಬೆಟ್ಟ ಮತ್ತೆ ಅಟ್ಟಣೆಯಿಂದ ನೋಡುವುದಕ್ಕೆ ಮಾತ್ರ ಎಂದುಕೊಂಡೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಲಿಂದ, ಎಸ್ಟೇಟಿನ ಆಚೆಗಿನ ಬೋಳು ಏರಿನಿಂದ, ಒಂದು ಕೂಗು ಕೇಳಿಸಿತು. ಕೂಗು ಹತ್ತಿರವಾಗುತ್ತಾ ಬಂತು. ಒಣಗಿದ ಹುಲ್ಲು ಎಷ್ಟು ಜಾರುತ್ತದೆ ಎಂಬುದು ಅದರ ಮೇಲೆ ಜಾರಿದವರಿಗೇ ಗೊತ್ತು. ಜಯಕ್ಕ ನೆತ್ತಿಯ ಹತ್ತಿರ ಕಾಲು ತಪ್ಪಿದವಳು ಕೂತ ಭಂಗಿಯಲ್ಲೇ ಇಡೀ ಏರನ್ನು ಇಳಿದು, ಬೇಲಿಯ ಸಂದಿನಲ್ಲಿ ನುಗ್ಗಿ, ನೇರವಾಗಿ ರೈಟರ ಕಾಲ ಬುಡಕ್ಕೆ ಬಂದು ನಿಂತಳು. ನಿಂತಳು ಎಂದರೆ ಕೂತಳು.

ಕುಂಕುಮದ ಪೊಟ್ಟಣ ಅವಳ ಮಡಿಲಲ್ಲೇ ಒಡೆದುಹೋಗಿತ್ತು. ಅರಿಶಿನದ್ದೂ. ಮುಖ, ಕತ್ತು, ಬಿಚ್ಚಿಹೋದ ಕೂದಲು ಎಲ್ಲವೂ ಕೆಂಪು ಹಳದಿ. ಬಳೆ ಒಡೆದೀತೆಂದು ಎಲ್ಲವನ್ನೂ ಕೈಗೇ ಏರಿಸಿಕೊಂಡಿದ್ದಳು, ಮೊಣಕೈವರೆಗೂ ಹಸಿರು. ಒಂದು ಮುಷ್ಟಿಯಲ್ಲಿ ನಿಂಬೆಹಣ್ಣು. ಬಾಯಿ ಅಗಲಕ್ಕೆ ತೆರೆದಿತ್ತು, ಕಣ್ಣು ಅದಕ್ಕಿಂತ ಅಗಲ.

ರೈಟರು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟರು. "ತಾಯೀ!"

ಜಯಕ್ಕ ಒಂದು ಗಳಿಗೆ ಅವರನ್ನು ನೋಡಿದಳು, ನಮ್ಮನ್ನು ನೋಡಿದಳು. ಪರಿಸ್ಥಿತಿ ಅರ್ಥವಾಯಿತು. ಹೊಟ್ಟೆಯ ಆಳದಿಂದ ದನಿ ತೆಗೆದು, "ದಾರಿ ಬುಡೋ!" ಎಂದಳು.

"ಬುಟ್ಟೆ ತಾಯಿ, ಬುಟ್ಟೆ. ಗೊತ್ತಾಗ್ಲಿಲ್ಲ." ರೈಟರು ಕೈ ಮುಗಿದರು. ಆಮೇಲೆ, ಹೇಗೂ ಎದುರಿಗೇ ಬಂದಿದ್ದಾಳಲ್ಲ ಎಂದುಕೊಂಡು, ದನಿ ತಗ್ಗಿಸಿ, "ಹೊಸ ಮ್ಯಾನೇಜರು ಬಾಳ ಕಾಟ ಕೊಡ್ತಾವ್ನೆ ತಾಯಿ, ಅವನ್ನ ಒಸಿ ಬೇರೆ ಎಸ್ಟೇಟಿಗೆ..." ಎಂದರು.

"ಹೋಯ್ತಾನೆ, ಹೋಯ್ತಾನೆ" ಎಂದಳು ಜಯಕ್ಕ.

ರೈಟರೇ ಮುಂದೆ ನಡೆದು ಮೇಲಿನ ಗೇಟಿನ ಬೀಗ ತೆಗೆದು ಗುಡ್ಡದ ದಾರಿಗೆ ಬಿಟ್ಟುಕೊಟ್ಟರು. ನಾನು ಅತ್ತೆಯನ್ನು ನೋಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಭುಜ ಅಲುಗುತ್ತಿತ್ತು, ಕಣ್ಣಲ್ಲಿ ನೀರು. ಭಕ್ತಿ ಉಕ್ಕಿ ಬಂದಿದೆ ಪಾಪ ಎಂದುಕೊಂಡು ನಾನು ಸಮಾಧಾನಪಟ್ಟೆ. ಆಗಿನ ನನ್ನ ಬುದ್ಧಿಯ ಮಟ್ಟ ಅದು.

ಆದರೆ ಮುಖ್ಯವಾದ ತೊಂದರೆ ಹಾಗೇ ಉಳಿದಿತ್ತು. ಮೇಲೆ ಕಲ್ಲಿಗೆ ಬಳಿಯಲು ಕುಂಕುಮವಿಲ್ಲ. ಇದ್ದದ್ದೆಲ್ಲ ಜಯಕ್ಕನ ಮೈಮೇಲಿದೆ. "ನಿನ್ನನ್ನೇ ಕೂರಿಸ್ಬೇಕು ಅಷ್ಟೇ" ಎಂದು ಲಲಿತ ಪಿಸುಗುಟ್ಟಿದಳು. ನಾವು ಮೂವರೂ ಏರಿನಲ್ಲಿ ಕೈಕಾಲು ಊರಿ ಹತ್ತುತ್ತಾ ಏನೇನೋ ಲೆಕ್ಕ ಹಾಕಿದೆವು. ದೇವಿಯನ್ನು ಯಾರೋ ಕದ್ದರು ಎನ್ನೋಣವೇ? ಈ ವರ್ಷ ಮುನಿಸಿಕೊಂಡು ಮಾಯವಾಗಿದ್ದಾಳೆ ಎನ್ನೋಣವೇ? ಲೆಕ್ಕ ಮುಗಿಯುವ ಮುಂಚೆಯೇ ನೆತ್ತಿ ಬಂದುಬಿಟ್ಟಿತು.

ಗಾಳಿ. ಆ ಗುಡ್ಡದ ಮೇಲೆ ಇರುವುದು ಅದೊಂದೇ. ಸೆರಗನ್ನು ಬಾವುಟ ಮಾಡುತ್ತದೆ, ಮಾತನ್ನು ಬಾಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಕೆಳಗೆ ಕಾಡು ಮಡಿಕೆ ಮಡಿಕೆಯಾಗಿ ಪಡುವಲಕ್ಕೆ ಇಳಿದುಹೋಗಿರುತ್ತದೆ. ಆ ಗಾಳಿ ಮುಖಕ್ಕೆ ಬಡಿದದ್ದೇ ಜಯಕ್ಕನಿಗೆ ಎಲ್ಲ ಮರೆತುಹೋಯಿತು. ನಮ್ಮತ್ತೆ ಅಲ್ಲಿರುವುದು, ಸುಳ್ಳು, ಹರಕೆ, ಎಲ್ಲವೂ. ವರ್ಷವರ್ಷದ ಅಭ್ಯಾಸದಂತೆ ಬಂಡೆಯ ಮೇಲೆ ಹತ್ತಿ, ಸೊಂಟಕ್ಕೆ ಕೈಯಿಟ್ಟು, ಕಾಡಿಗೆಲ್ಲ ಕೇಳುವಂತೆ ಕೂಗಿದಳು:

"ಲೋ ಚನ್ನಬಸ್ವಾಆಆ!"

ಇದನ್ನು ನಿಮಗೆ ವಿವರಿಸಬೇಕು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದವಳ ಕೈಯಲ್ಲಿ ಹೇಳಿಸುತ್ತೇವೆ. ನನ್ನ ಬೂತಿಗೆ ಬರುತ್ತಿದ್ದ ಹೆಂಗಸರು ನಂಬರು ತಿರುಗಿಸಿಕೊಂಡು, ಆ ಕಡೆಯವರು "ಯಾರು ಬೇಕು?" ಎಂದ ಕೂಡಲೇ ರಿಸೀವರನ್ನು ನನ್ನ ಕೈಗೆ ಕೊಟ್ಟು, "ನೀನೇ ಹೇಳವ್ವ" ಎನ್ನುತ್ತಿದ್ದರು. ನಾನು "ಮಂಜಪ್ಪನವರನ್ನ ಕರೀರಿ, ಪುಟ್ಟಸ್ವಾಮಿಯವರನ್ನ ಕರೀರಿ" ಎಂದು ಊರಿನ ಗಂಡಂದಿರನ್ನೆಲ್ಲ ಹೆಸರು ಹಿಡಿದು ಕರೆದಿದ್ದೇನೆ, ನನ್ನ ಗಂಡನೊಬ್ಬನನ್ನು ಬಿಟ್ಟು. ಮೊದಲ ವರ್ಷ ಗುಡ್ಡದ ಮೇಲೆ, ಯಾರೂ ಇಲ್ಲವಲ್ಲ ಎಂಬ ಧೈರ್ಯದಲ್ಲಿ, ಜಯಕ್ಕ ಸುಮ್ಮನೆ ಒಂದು ಸಲ ಗಂಡನ ಹೆಸರು ಹಿಡಿದು ಕೂಗಿದಳು. ಲೋ ಸೇರಿಸಿ. ನಮಗೆ ಮೈಯೆಲ್ಲ ಜುಮ್ಮೆಂದಿತು. ನಾವೂ ಕೂಗಿದೆವು. ನಕ್ಕು ನಕ್ಕು ಹುಲ್ಲಿನ ಮೇಲೆ ಉರುಳಾಡಿದೆವು. ಅಂದಿನಿಂದ ನೆತ್ತಿ ಮುಟ್ಟಿದೊಡನೆ ಅದೇ ನಮ್ಮ ಪೂಜೆ. ಗಂಡಂದಿರ ಮೇಲೆ ಸಿಟ್ಟಿತ್ತೆಂದಲ್ಲ. ಜಯಕ್ಕನ ಗಂಡ ಗೋವಿನಂಥ ಮನುಷ್ಯ.

ಅತ್ತೆ ಬಂಡೆಯ ಕಡೆ ತಿರುಗಿದರು. "ಯಾರೇ ಅದು ಚನ್ನಬಸ್ವ?"

ಜಯಕ್ಕನ ಕುಂಕುಮದ ಮುಖ ಬಿಳಿಚಿಕೊಂಡದ್ದು ನನಗೆ ಕಾಣಿಸಿತು. "ನಮ್... ನಮ್ಮನೆಯವ್ರು ದೊಡ್ಡಮ್ಮ."

"ಗಂಡನ್ನ ಲೋ ಅಂತೀಯ?"

ಜಯಕ್ಕ ಬಂಡೆಯಿಂದ ಇಳಿದು ನನ್ನ ಬೆನ್ನ ಹಿಂದೆ ಸೇರಿಕೊಂಡಳು.

"ಆಯ್ತು. ದೇವ್ರೆಲ್ಲಿ?" ಅತ್ತೆ ಈ ಸಲ ನನ್ನನ್ನು ಕೇಳಿದರು.

ಲಲಿತ ಒಂದು ಕಲ್ಲಿನ ಕಡೆ ಕೈ ಎತ್ತಿದಳು. ನನಗೆ ಸಾಕಾಗಿತ್ತು. ಕಾಲು ಉರಿಯುತ್ತಿತ್ತು. "ಇಲ್ಲ ಅತ್ತೆ. ದೇವ್ರಿಲ್ಲ. ಯಾವತ್ತೂ ಇರ್ಲಿಲ್ಲ. ವರ್ಷಕ್ಕೊಂದ್ಸಲ ಇಲ್ಲಿ ಬಂದು ಕೂತ್ಕಳಾದು ಅಷ್ಟೇಯ."

"ಅಷ್ಟೇಯ?"

"ಅಷ್ಟೇಯ. ಇದೊಂದೇ ಅತ್ತೆ ನಂಗಿರಾದು. ಬಿಡ್ಸಬೇಡಿ." ಹೇಳುತ್ತಾ ಹೇಳುತ್ತಾ ನನಗೆ ಅಳು ಬಂದೇಬಿಟ್ಟಿತು.

ಅತ್ತೆ ಲಲಿತ ತೋರಿಸಿದ ಕಲ್ಲಿನ ಹತ್ತಿರ ಹೋದರು, ಅದನ್ನು ಒಮ್ಮೆ ನೋಡಿದರು, ಸೆರಗಿನಿಂದ ಧೂಳು ಹೊಡೆದು ಅದರ ಮೇಲೆಯೇ ಕೂತರು. ಮಡಿಲಿನ ಸೊಪ್ಪನ್ನು ಪಕ್ಕಕ್ಕೆ ಸುರಿದುಕೊಂಡರು. "ಹೋಳಿಗೆ ಕೇಳದ ದೇವ್ರು ಅಂದಾಗ್ಲೇ ನಂಗೆ ಅನುಮಾನ ಬಂತು ಕಣೇ. ಹೆಂಗಸ್ರ ಕೈಲಿ ದುಡಿಸ್ಕಳದೆ ಇರೋ ದೇವ್ರನ್ನ ನಾನಂತೂ ಈ ವಯಸ್ಸಿಗೆ ಕಂಡಿಲ್ಲ." ಆಮೇಲೆ ಸೊಪ್ಪು ಬಿಡಿಸುತ್ತಾ, "ನೀನೂ ಕೂಗ್ತೀಯಾ? ನನ್ ಮಗನ್ನ?" ಎಂದರು.

"ಹೂಂ."

"ಏನಂತ?"

"ಲೋ ರುದ್ರೇಶ ಅಂತ."

"ಕೂಗು, ಕೇಳಾನ."

ಅತ್ತೆಯ ಎದುರಿಗೆ ಗಂಡನ ಹೆಸರು ಕೂಗುವ ಅವಸ್ಥೆ ಯಾವ ಸೊಸೆಗೂ ಬರಬಾರದು. ನನ್ನ ಗಂಟಲಿಂದ ಬೆಕ್ಕಿನ ಮರಿಯ ಸದ್ದು ಬಂತು. ಅತ್ತೆ ತಲೆ ಕೊಡವಿದರು. "ಇಷ್ಟೇನಾ? ಹಿಂಗ್ ಕೂಗಿದ್ರೆ ಅವ್ನು ಹಾಸಿಗೆ ಬುಟ್ಟು ಎದ್ದಾನಾ?" ಎಂದು ಎದ್ದು ನಿಂತರು.

ಅವರು ಬಂಡೆಯ ಅಂಚಿಗೆ ಹೋಗಿ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕುಳ್ಳಗಿನ ಹೆಂಗಸು, ಬೋಳು ಹಣೆ, ಕಾಲಲ್ಲಿ ಮುಳ್ಳು ಗೀರಿದ ರಕ್ತ. ನಮ್ಮ ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬದುಕಿದ್ದಷ್ಟು ದಿನವೂ ಅವರನ್ನು ಊಟಕ್ಕೆ ಕರೆಯಬೇಕಾದರೆ ಅತ್ತೆ ಬಾಗಿಲ ಮರೆಯಲ್ಲಿ ನಿಂತು ಬಳೆ ಸದ್ದು ಮಾಡುತ್ತಿದ್ದರಂತೆ, ಇಲ್ಲವೇ "ಇಕಾ" ಎನ್ನುತ್ತಿದ್ದರಂತೆ. ಅವರು ಒಂದು ಸಲ ಬಾಯಿ ತೆರೆದು ಮುಚ್ಚಿದರು. ಮತ್ತೆ ತೆರೆದರು.

"ಲೋ ಸಿದ್ಲಿಂಗಾ!"

ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ಅತ್ತೆ ಬೆರಗಾಗಿ ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು. ಆಮೇಲೆ ಎರಡೂ ಕೈ ಬಾಯಿಯ ಪಕ್ಕಕ್ಕಿಟ್ಟು, ನಾನು ಆ ಮನೆಯಲ್ಲಿ ಎಂದೂ ಕೇಳದ ದನಿಯಲ್ಲಿ ಕೂಗಿದರು:

"ಲೋ ಸಿದ್ಲಿಂಗಾ! ಮುದ್ದೆ ತಣ್ಣಗಾಯ್ತಾ ಐತೆ, ಬಾರೋ!"

ಕಾಡಿನಿಂದ ಯಾರೂ ಬರಲಿಲ್ಲ. ಅತ್ತೆ ಕಣ್ಣೊರೆಸಿಕೊಂಡು ತಿರುಗಿ ನಕ್ಕರು. ನಕ್ಕರು ಎಂದರೆ, ಜಯಕ್ಕ ರೈಟರ ಮುಂದೆ ಬಂದು ಬಿದ್ದಾಗಿನಿಂದ ತಡೆದು ಇಟ್ಟುಕೊಂಡಿದ್ದ ನಗುವೆಲ್ಲ ಒಟ್ಟಿಗೇ ಹೊರಗೆ ಬಂತು. "ದಾರಿ ಬುಡೋ ಅಂದ್ಲಲ್ಲೇ! ಆಯಪ್ಪ ಚಪ್ಲಿ ಬುಟ್ನಲ್ಲೇ!" ಎಂದು ಹೊಟ್ಟೆ ಹಿಡಿದುಕೊಂಡು ಕಲ್ಲಿನ ಮೇಲಿಂದ ಜಾರಿ ಹುಲ್ಲಿನ ಮೇಲೆ ಕೂತುಬಿಟ್ಟರು. ನಾವೂ ಅವರ ಪಕ್ಕ ಬಿದ್ದೆವು. ಯಾರು ನಗುತ್ತಿದ್ದಾರೆ, ಯಾರು ಅಳುತ್ತಿದ್ದಾರೆ ಎಂದು ಗೊತ್ತಾಗದಷ್ಟು ನಕ್ಕೆವು. ಜಯಕ್ಕನ ಕುಂಕುಮ ಎಲ್ಲರ ಸೀರೆಗೂ ಹತ್ತಿತು. ಆಮೇಲೆ ಪುಳಿಯೋಗರೆ ಉಂಡು ಅತ್ತೆ ಕಾಲು ಚಾಚಿ, ಹಾಡಹಗಲಲ್ಲಿ, ಗೊರಕೆ ಹೊಡೆದು ಮಲಗಿದರು. ಬಿಸಿಲು ಇಳಿಯುವವರೆಗೂ ನಾವು ಎಬ್ಬಿಸಲಿಲ್ಲ.

ಇಷ್ಟಾದರೂ ಮರುದಿನ ಬಸ್ಸಿನಲ್ಲಿ ನನಗೆ ಒಂದೇ ಚಿಂತೆ. ಗುಡ್ಡದ ಮೇಲಿನ ಅತ್ತೆಯೇ ಬೇರೆ, ಮನೆಯ ಅತ್ತೆಯೇ ಬೇರೆ ಇದ್ದರೆ? ಮಗನೆದುರು ಸುಳ್ಳು ಹೇಳಿದವರಲ್ಲ ಅವರು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು, ನನ್ನ ಕಡೆ ತಿರುಗಲೇ ಇಲ್ಲ.

ನಮ್ಮವರು ಜಗುಲಿಯ ಮೇಲೆ ಕಾಯುತ್ತಾ ಕೂತಿದ್ದರು. ನಾವು ಅಂಗಳಕ್ಕೆ ಕಾಲಿಟ್ಟ ಕೂಡಲೇ, "ಏನವ್ವ, ಐತಾ ದೇವ್ರು?" ಎಂದರು.

ಅತ್ತೆ ಕಂಬಕ್ಕೆ ಒರಗಿ ಕೂತು, ಕೊಟ್ಟ ನೀರು ಕುಡಿದು, ಬಾಯಿ ಒರೆಸಿಕೊಂಡರು. "ಏನ್ ಹಂಗಂದ್ರೆ? ಎದುರಿಗೇ ಕಂಡ್ಲು ಕಣಪ್ಪ, ಮೈಯೆಲ್ಲ ಕುಂಕುಮ, ಮೊಣಕೈಗಂಟ ಹಸಿರು ಬಳೆ. ಎಸ್ಟೇಟಿನ ರೈಟರು ಚಪ್ಲಿ ಬುಟ್ಟು ಅಡ್ಡ ಬೀಳಂಗಾದ್ರು. ಬೇಕಾದ್ರೆ ಹೋಗಿ ಕೇಳ್ಕಂಡ್ ಬಾ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

ನಮ್ಮವರು ನೆಟ್ಟಗೆ ಕೂತರು. "ಮಾತಾಡಿದ್ಲಾ?"

"ಮಾತಾಡ್ದೆ ಏನು. ಬಲು ಖಡಕ್ ದೇವ್ರು. ವರ್ಷವರ್ಷನೂ ಸೊಸೆ ಬರ್ಲೇಬೇಕು, ನಂಜಮ್ಮ ನೀನೂ ತಪ್ಪಿಸ್ಬೇಡ, ನಿನ್ ತಂಗೀರು ವಾರಗಿತ್ತೀರು ಇದ್ರೆ ಅವ್ರನ್ನೂ ಕರ್ಕಂಡ್ ಬಾ ಅಂತ ಅಂದ್ಲು."

ನಮ್ಮವರು ಪಡುವಲಕ್ಕೆ ತಿರುಗಿ ಎರಡೂ ಕೈ ಮುಗಿದರು. ಮುಗಿದ ಕೈ ಇಳಿಸದೆಯೇ, ಮೆಲ್ಲಗೆ, "ನಂಗೇನಾದ್ರೂ ಹೇಳಿದ್ಲಾ ಅವ್ವ?" ಎಂದರು.

"ಹೇಳಿದ್ಲು" ಎಂದರು ಅತ್ತೆ. "ನಾವು ಗುಡ್ಡಕ್ಕೆ ಹೋದ ದಿನ ಮುದ್ದೆ ನೀನೇ ತಿರುವ್ಕಂಡು ಉಣ್ಣಬೇಕಂತೆ."